ಬಸಲಿಂಗವ್ವನ ಬಾಟಲಿ

ಪರೇಲಿನ ಆ ಚಾಳಿನ ಎರಡನೇ ಮಾಳಿಗೆಯವರು ರವಿವಾರ ಬೆಳಿಗ್ಗೆ ಚಹಾ ಕುಡಿದು ಮುಗಿಸಿ, ಬಸಲಿಂಗವ್ವನ ಮೂತ್ರದ ಬಣ್ಣ ನೋಡಲು ಬರುತ್ತಿದ್ದರು. ಬನ್ನಿ ಎಂದು ಅವರನ್ನು ಯಾರೂ ಕರೆದಿರಲಿಲ್ಲ. ಬರಬೇಡಿ ಎಂದರೂ ನಡೆಯುತ್ತಿರಲಿಲ್ಲ, ಏಕೆಂದರೆ ಪರೀಕ್ಷೆ ನಡೆಯುತ್ತಿದ್ದದ್ದು ಎಲ್ಲರ ಬಾಗಿಲ ಮುಂದೆ ಹಾದುಹೋಗುವ ಉದ್ದನೆಯ ಗ್ಯಾಲರಿಯಲ್ಲಿ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬಸಲಿಂಗವ್ವ ಗಂಡ ತೀರಿಕೊಂಡ ಮೇಲೆ ಇಂಡಿ ಕಡೆಯ ಹಳ್ಳಿಯಿಂದ ಮಗನ ಖೋಲಿಗೆ ಬಂದವಳು. ಮಗ ಧರ್ಮಣ್ಣ ಮಿಲ್ಲಿನಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದ. ಸೊಸೆ ನೀಲಾಬಾಯಿ ಮನೆಯಲ್ಲೇ ಕೂತು ಹಪ್ಪಳ ಲಟ್ಟಿಸಿ ಕೊಡುತ್ತಿದ್ದಳು. ಒಂದು ಮಳೆಗಾಲದಲ್ಲಿ ಮುದುಕಿಯ ಹಿಮ್ಮಡಿಯ ಒಡಕು ಹುಣ್ಣಾಯಿತು, ಎಷ್ಟು ದಿನವಾದರೂ ಮಾಯಲಿಲ್ಲ. ರಸ್ತೆಗಳು ಕೂಡುವ ನಾಕಾದಲ್ಲಿ ದವಾಖಾನೆ ಇಟ್ಟಿದ್ದ ಮರಾಠಿ ಡಾಕ್ಟರು ನೋಡಿ ಮಧುಮೇಹ ಎಂದರು. ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ವಾರಕ್ಕೊಮ್ಮೆ ಮನೆಯಲ್ಲೇ ಮೂತ್ರ ಪರೀಕ್ಷಿಸುವುದು ಹೇಗೆ ಎಂದು ಧರ್ಮಣ್ಣನಿಗೆ ಮಾಡಿ ತೋರಿಸಿದರು. ಗಾಜಿನ ಕೊಳವೆಯಲ್ಲಿ ನೀಲಿ ಔಷಧ ಹಾಕಬೇಕು, ಅದಕ್ಕೆ ಕೆಲವು ಹನಿ ಮೂತ್ರ ಬಿಡಬೇಕು, ದೀಪದ ಮೇಲೆ ಹಿಡಿದು ಕುದಿಸಬೇಕು. ನೀಲಿ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ. ಹಳದಿಯಾದರೆ ಹೆಚ್ಚು. ಇಟ್ಟಿಗೆಯ ಬಣ್ಣ ಬಂದರೆ ತಕ್ಷಣ ತಮ್ಮ ಬಳಿ ಬರಬೇಕು.

ಧರ್ಮಣ್ಣ ಶಾಲೆಯಲ್ಲಿ ಹೆಚ್ಚು ದಿನ ಕೂತವನಲ್ಲ. ತನಗೆ ಯಾರಾದರೂ ಕೂಡಿಸಿಕೊಂಡು ಏನನ್ನಾದರೂ ಕಲಿಸಿದ್ದು ಅದೇ ಮೊದಲು ಎನ್ನುವ ಹಾಗೆ ಅವನು ಆ ವಿದ್ಯೆಯನ್ನು ಎದೆಗವಚಿಕೊಂಡ. ಕೊಳವೆ ತಂದ, ಇಕ್ಕಳ ತಂದ, ಸ್ಪಿರಿಟ್ ದೀಪ ತಂದ, ಅವ್ವ ಮೂತ್ರ ತುಂಬಿ ಕೊಡಲು ಒಂದು ಬಾಟಲಿ ತಂದ. ರೊಟ್ಟಿ ಬಡಿಯುವ ಜಾಗದಲ್ಲಿ ಅದನ್ನು ಕುದಿಸಕೂಡದು ಎಂದು ನೀಲಾಬಾಯಿ ಅಡ್ಡ ನಿಂತದ್ದರಿಂದ ಗ್ಯಾಲರಿಗೆ ಬಂದ. ಬಣ್ಣ ನೋಡಲು ಬೆಳಕೂ ಅಲ್ಲೇ ಚೆನ್ನಾಗಿತ್ತು.

ಮೊದಲ ರವಿವಾರ ಕೊಳವೆಯ ನೀರು ಕುದಿಯುತ್ತ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆ ಬಣ್ಣಕ್ಕೆ ಬಂದು ನಿಂತಿತು. ನೋಡುತ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಪಕ್ಕದ ಖೋಲಿಯ ರಾಚವ್ವ ಬಾಯಿಗೆ ಸೆರಗು ಹಿಡಿದು, "ಯವ್ವಾ, ಒಳಗ ಇಷ್ಟೆಲ್ಲಾ ಇಟಗೊಂಡು ಹೆಂಗ ತಿರಗ್ಯಾಡತಿದ್ದಿ?" ಎಂದಳು. ಧರ್ಮಣ್ಣ ಡಾಕ್ಟರರ ಬಳಿ ಓಡಿದ, ಗುಳಿಗೆ ಈಗಷ್ಟೇ ಶುರುವಾಗಿದೆ, ಪಥ್ಯ ಹಿಡಿಸು ಎಂದು ಅವರು ಕಳಿಸಿದರು. ಸುದ್ದಿ ಕೆಳಗಿನ ಮಾಳಿಗೆಗೆ ಹೋಯಿತು. ಮಧ್ಯಾಹ್ನ ನಲ್ಲಿಯ ಹತ್ತಿರ ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬಳು ಬಸಲಿಂಗವ್ವನನ್ನು ತಡೆದು, ಬೇವಿನೆಲೆ ಅಗಿಯಲು ಹೇಳಿದಳು.

ಬಸಲಿಂಗವ್ವ ಬೇನೆಗೆ ಹೆದರಿದವಳಲ್ಲ. ಗಂಡನ ಎದುರು ಕೂಡ ಎಂದೂ ಸೆರಗು ಜಾರಿಸಿದವಳಲ್ಲ. ತನ್ನ ಮೈಯಿಂದ ಬಂದದ್ದನ್ನು ಮಗ ಬಿಸಿಲಿಗೆ ಹಿಡಿದು ಊರಿಗೆಲ್ಲ ತೋರಿಸುವುದು ಅವಳಿಗೆ ಸಾಯುವುದಕ್ಕಿಂತ ಕಷ್ಟವಾಯಿತು. ಬೇಡ ಎಂದು ಹೇಳಿ ನೋಡಿದಳು. "ಅವ್ವಾ, ಇದು ವಿಜ್ಞಾನ. ಇದರಾಗ ನಾಚಿಕಿ ಇಲ್ಲ" ಎಂದ ಧರ್ಮಣ್ಣ.

ಅವಳು ತನ್ನ ಕಷ್ಟವನ್ನು ಹೇಳಿಕೊಂಡದ್ದು ಅಕ್ಬರಬಿಯ ಮುಂದೆ. ಗ್ಯಾಲರಿಯ ಕೊನೆಯ ಖೋಲಿ ಅಕ್ಬರಬಿಯದು. ಅವಳ ಗಂಡ ಗನಿಸಾಬ ಪಿಂಜಾರ. ಹತ್ತಿ ಹಿಂಜುವ ಉದ್ದನೆಯ ಬಿಲ್ಲನ್ನು ಹೆಗಲಿಗೇರಿಸಿಕೊಂಡು, ಸಯನ್ ತನಕ ಬಿಲ್ಡಿಂಗ್ ಬಿಲ್ಡಿಂಗ್ ತಿರುಗಿ, ಜನರ ಹಳೇ ಗಾದಿಗಳನ್ನು ಬಿಚ್ಚಿ ಹೊಸದು ಮಾಡಿಕೊಡುತ್ತಿದ್ದ. ಅವರ ಊರೂ ಬಿಜಾಪುರ ಜಿಲ್ಲೆಯೇ. ಇಬ್ಬರು ಹೆಂಗಸರೂ ಹೆಚ್ಚುಕಡಿಮೆ ಒಂದೇ ವಾರಿಗೆಯವರು, ದಿನಾ ನಸುಕಿನಲ್ಲಿ ಪಾಯಖಾನೆಯ ಸಾಲಿನಲ್ಲಿ ಹಿಂದೆ ಮುಂದೆ ನಿಲ್ಲುತ್ತಿದ್ದವರು.

"ಇಷ್ಟಕ್ಕ ಯಾಕ ಅಳತಿ ಅಕ್ಕಾ?" ಎಂದಳು ಅಕ್ಬರಬಿ. "ನಿನ್ನ ಬಾಟ್ಲಿ ನನಗ ಕೊಡು. ನಂದು ಒಯ್ದು ತೋರಸು. ನನಗೇನ ಸಕ್ರಿ ಇಲ್ಲ, ಬ್ಯಾನಿ ಇಲ್ಲ."

"ಮಗಗ ಮೋಸ ಮಾಡಿದಂಗ ಆಗತೈತಲ್ಲ."

"ಅವಗ ನೀಲಿ ಬೇಕು. ನೀಲಿ ಕೊಟ್ರ ಮೋಸ ಹೆಂಗಾತು?"

ಪಾಯಖಾನೆಯ ನಡುಗೋಡೆ ಮಾಡಿನ ತನಕ ಹೋಗಿರಲಿಲ್ಲ. ಮುಂದಿನ ರವಿವಾರ ಖಾಲಿ ಬಾಟಲಿ ಆ ಗೋಡೆಯ ಮೇಲಿಂದ ಒಂದು ಕಡೆ ಹೋಯಿತು, ತುಂಬಿದ ಬಾಟಲಿ ಇನ್ನೊಂದು ಕಡೆ ಬಂತು. ಗ್ಯಾಲರಿಯಲ್ಲಿ ಧರ್ಮಣ್ಣ ಕೊಳವೆಯನ್ನು ದೀಪದ ಮೇಲೆ ಹಿಡಿದ. ಕುದಿಯಿತು, ಉಕ್ಕಿತು, ನೀಲಿ ಅಲುಗಲಿಲ್ಲ. ಧರ್ಮಣ್ಣನ ಕಣ್ಣಲ್ಲಿ ನೀರು ಬಂತು.

ಅವನು ತಾಯಿಗೆ ಮಾಡುತ್ತಿದ್ದ ಉಪಚಾರಗಳಿಗೆ ಲೆಕ್ಕವಿರಲಿಲ್ಲ. ನಸುಕಿನಲ್ಲಿ ಹಾಗಲಕಾಯಿಯ ರಸ, ರಾತ್ರಿ ನೆನೆಸಿಟ್ಟ ಮೆಂತ್ಯದ ನೀರು, ಅನ್ನದ ಬದಲು ಜೋಳದ ರೊಟ್ಟಿ, ಚಹಾಕ್ಕೆ ಸಕ್ಕರೆ ಇಲ್ಲ. ಸಂಜೆ ರೈಲ್ವೆ ಪುಲ್‌ನ ತನಕ ನಡೆಸಿಕೊಂಡು ಹೋಗಿ ಬರುವುದು. ಬಂದ ಮೇಲೆ ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಗಾಯವೇನಾದರೂ ಇದೆಯೇ ಎಂದು ಬೆರಳು ಬೆರಳುಗಳ ನಡುವೆ ಬ್ಯಾಟರಿ ಬಿಟ್ಟು ನೋಡುವುದು. ಮಗ ಪಾದ ಮುಟ್ಟಿದ ಕೂಡಲೇ ಬಸಲಿಂಗವ್ವನ ಕೈ ತಾನೇ ತಾನಾಗಿ ಅವನ ತಲೆಯ ಮೇಲೆ ಹೋಗುತ್ತಿತ್ತು. ಹೀಗಾಗಿ ದಿನಾ ಸಂಜೆ ಧರ್ಮಣ್ಣ ಬರಿಗಾಲಲ್ಲಿ ತಿರುಗಿದ್ದಕ್ಕೆ ಬೈಯುತ್ತಿದ್ದ, ತಾಯಿ ಅವನಿಗೆ ನೂರು ವರ್ಷ ಆಯುಷ್ಯ ಹರಸುತ್ತಿದ್ದಳು.

ಹಿಮ್ಮಡಿಯ ಹುಣ್ಣು ಮಾಯಿತು. ನೀಲಿ ವಾರ ವಾರ ಬರುತ್ತಲೇ ಇತ್ತು. ಉಳಿದ ಮಾಳಿಗೆಯವರೂ ಧರ್ಮಣ್ಣನ ಬಳಿ ಸಲಹೆ ಕೇಳಲು ಬರತೊಡಗಿದರು. ಅವನು ಹಾಗಲಕಾಯಿಯ ಬಗ್ಗೆ ಮಾತಾಡುವಾಗ ಡಾಕ್ಟರರ ಹಾಗೆಯೇ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ. ಅವನಿಗೆ ಕನ್ನಡಕ ಇರಲಿಲ್ಲ, ಮೂಗಿನ ಮೇಲೆ ಬೆರಳಷ್ಟೇ ಆಡುತ್ತಿತ್ತು.

ಹೀಗೆ ನಡೆದಿರುವಾಗ ಅಕ್ಬರಬಿಯ ಮಗಳು ನೂರಜಹಾನಳ ಬಾಣಂತನ ಬಂತು. ಅಕ್ಬರಬಿ ಸೊಲ್ಲಾಪುರಕ್ಕೆ ಹೊರಟಳು. ಬಾಣಂತಿಯ ನಲವತ್ತು ದಿನದ ಚಿಲ್ಲಾ ಮುಗಿಸಿಕೊಂಡೇ ಬರುವುದು ಎಂದಾಗ ಬಸಲಿಂಗವ್ವನ ಮುಖ ಸಣ್ಣದಾಯಿತು.

"ಅದಕ್ಕೂ ಬಂದೋಬಸ್ತ ಮಾಡೀನಿ" ಎಂದಳು ಅಕ್ಬರಬಿ. "ನಮ್ಮವರಿಗೆ ಹೇಳೀನಿ. ಬಚ್ಚಲ ಮೋರ್ಯಾಗ ಬಕೀಟಿನ ಹಿಂದ ತುಂಬಿ ಇಟ್ಟಿರತಾರ. ನೀ ರೊಟ್ಟಿ ಕೊಡಾಕ ಬಂದಂಗ ಮಾಡಿ ಒಯ್ಯಿ."

"ಯಾಕಂತ ಕೇಳಲಿಲ್ಲೇನು?"

"ಕೇಳಿದ್ರು. ಹೆಂಗಸರ ವಿಷಯ, ಸುಮ್ಮನಿರ್ರಿ ಅಂದೆ. ಸುಮ್ಮನಾದ್ರು."

ಗನಿಸಾಬನ ಆರೋಗ್ಯದ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ. ಬಾಗಿಲಿನಷ್ಟು ಅಗಲದ ಆಳು. ಡಾಕ್ಟರ ಮುಖ ನೋಡಿಲ್ಲ ಎಂದು ಹೇಳಿಕೊಳ್ಳುವುದು ಅವನಿಗೆ ಬಲು ಪ್ರೀತಿಯ ಕೆಲಸ. ಊಟಕ್ಕೆ ಕೂತರೆ ರೊಟ್ಟಿಯ ಗುಡ್ಡೆ ಕರಗುತ್ತಿತ್ತು, ಕೊಡ ಎತ್ತಿದರೆ ನೀರು ತಳ ಕಾಣುತ್ತಿತ್ತು. ಇಷ್ಟು ನೀರು ಕುಡಿಯುವವನ ಮೈ ಎಷ್ಟು ತಂಪಾಗಿರಬೇಕು ಎಂದು ಚಾಳಿನವರು ಮೆಚ್ಚಿಕೊಳ್ಳುತ್ತಿದ್ದರು.

ಆ ರವಿವಾರ ಧರ್ಮಣ್ಣ ಕೊಳವೆಯನ್ನು ದೀಪದ ಮೇಲೆ ಹಿಡಿದದ್ದೇ ತಡ, ನೀಲಿ ಒಂದೇ ಉಸಿರಿಗೆ ಎಲ್ಲ ಬಣ್ಣಗಳನ್ನೂ ದಾಟಿ ಇಟ್ಟಿಗೆಯಾಯಿತು. ಬರಿಯ ಇಟ್ಟಿಗೆಯಲ್ಲ, ಸುಟ್ಟ ಇಟ್ಟಿಗೆ. ಧರ್ಮಣ್ಣ ಕೊಳವೆ ತೊಳೆದು ಇನ್ನೊಮ್ಮೆ ಕುದಿಸಿದ. ಮತ್ತೆ ಅದೇ. ತನ್ನ ಖೋಲಿಯ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಗನಿಸಾಬ ಹತ್ತಿರ ಬಂದು ಬಗ್ಗಿ ನೋಡಿ, "ಪಾಪ, ಅಕ್ಕಗ ಭಾಳ ಆಗೇತಿ" ಎಂದು ತಲೆಯಾಡಿಸಿದ.

"ಅವ್ವಾ, ಏನ ತಿಂದಿ?" ಎಂದು ಕೇಳಿದ ಧರ್ಮಣ್ಣ.

"ಏನೂ ತಿಂದಿಲ್ಲೋ."

"ಏನೂ ತಿನ್ನಲಾರದ ಇಷ್ಟು ಕೆಂಪ ಬರತೈತೇನು?"

ಅವಳು ಬಾಟಲಿ ತೊಳೆಯಲು ಎದ್ದುಹೋದಳು. ಮುಂದಿನ ವಾರ ತನ್ನದೇ ಬಾಟಲಿ ತುಂಬಿ ಕೊಡಬಹುದಿತ್ತು. ಆ ವಿಚಾರವನ್ನು ಅವಳು ಮಾಡಿಯೂ ಮಾಡಿದಳು. ಆದರೆ ರೋಗವೇ ಇಲ್ಲದ ಗನಿಸಾಬನದು ಇಷ್ಟು ಕೆಂಪಾದರೆ, ರೋಗವಿರುವ ತನ್ನದು ಕೊಳವೆಯನ್ನೇ ಒಡೆಯಬಹುದು ಎನ್ನಿಸಿತು. ಇದ್ದುದರಲ್ಲಿ ಗನಿಸಾಬನದೇ ವಾಸಿ ಎಂದು ಅದನ್ನೇ ತಂದು ಕೊಡುತ್ತ ಹೋದಳು.

ಡಾಕ್ಟರು ಧರ್ಮಣ್ಣನ ವರದಿ ಕೇಳಿ ಗುಳಿಗೆಯನ್ನು ಎರಡಕ್ಕೆ ಏರಿಸಿದರು. ಮುಂದಿನ ರವಿವಾರವೂ ಇಟ್ಟಿಗೆ. ಮತ್ತೆ ಏರಿಸಿದರು. ಧರ್ಮಣ್ಣ ತಾಯಿಯ ಎದುರು ಕೂತು, ಅವಳು ನುಂಗಿ, ಬಾಯಿ ತೆರೆದು, ನಾಲಗೆ ಎತ್ತಿ ತೋರಿಸುವ ತನಕ ಏಳುತ್ತಿರಲಿಲ್ಲ. ಹೀಗೆ ಗನಿಸಾಬನ ಸಕ್ಕರೆಗೆ ಬಸಲಿಂಗವ್ವ ಔಷಧ ತಿನ್ನತೊಡಗಿದಳು. ಗನಿಸಾಬ ಮಾತ್ರ ಸಂಜೆ ಇರಾನಿ ಹೋಟೆಲಿನಲ್ಲಿ ನೀರು ಕಡಿಮೆ ಹಾಕಿದ ಗಟ್ಟಿ ಪಾನಿ ಕಮ್ ಚಹಾದ ಜೊತೆ ಮಾವಾ ಕೇಕು ತಿಂದು ಬಂದು, ಅವಳ ಆರೋಗ್ಯ ವಿಚಾರಿಸಿಕೊಂಡು ಹೋಗುತ್ತಿದ್ದ.

ಮನೆಯಲ್ಲಿ ಬೆಲ್ಲದ ಡಬ್ಬಿಗೆ ಬೀಗ ಬಿತ್ತು. ರೇಶನ್ನಿನ ಸಕ್ಕರೆ ರಾಚವ್ವನ ಮನೆಗೆ ಹೋಗಿ ಅಡಗಿ ಕೂತಿತು. ಪ್ರಸಾದ ತಿಂದಾಳು ಎಂದು ಭಜನೆಗೆ ಹೋಗುವುದನ್ನೂ ಧರ್ಮಣ್ಣ ನಿಲ್ಲಿಸಿದ. ನೀಲಾಬಾಯಿ ಅತ್ತೆಯ ಪರ ಒಂದು ಮಾತಾಡಿದ್ದಕ್ಕೆ ಅವಳ ಮೇಲೂ ಅನುಮಾನ ಬಂತು. ಕೊನೆಗೆ ತಾನು ಮಿಲ್ಲಿಗೆ ಹೋದ ಹೊತ್ತಿನಲ್ಲಿ ತಾಯಿಯ ಮೇಲೆ ಕಣ್ಣಿಡಲು ಕಾಶಪ್ಪನನ್ನು ನೇಮಿಸಿದ.

ಕಾಶಪ್ಪ ರಾಚವ್ವನ ಮೈದುನ. ಕಣ್ಣು ತೋರಿಸಿಕೊಂಡು ಹೋಗುತ್ತೇನೆ ಎಂದು ಊರಿಂದ ಬಂದವನು, ಕಣ್ಣು ಸರಿಹೋಗಿ ವರ್ಷ ಕಳೆದರೂ ಅಣ್ಣನ ಖೋಲಿಯ ಅರ್ಧ ಭಾಗದಲ್ಲಿ ಹಾಸಿಗೆ ಬಿಚ್ಚಿಕೊಂಡು ಇದ್ದ. ಅವನಿಗೆ ಬೇರೆ ಕೆಲಸ ಇರಲಿಲ್ಲ. ಧರ್ಮಣ್ಣನ ಬಾಗಿಲ ಎದುರು ಒಂದು ಸ್ಟೂಲು ಹಾಕಿಕೊಂಡು ಬೆಳಗಿನಿಂದ ಸಂಜೆಯ ತನಕ ಬಸಲಿಂಗವ್ವನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದ. ಈ ಸೇವೆಗೆ ಪ್ರತಿಯಾಗಿ ಮಧ್ಯಾಹ್ನದ ಊಟ ಅಲ್ಲೇ. ಮುದುಕಿ ಆಕಳಿಸಿದರೂ, "ಬಾಯಾಗೇನೈತಿ ನೋಡೂಣು" ಎನ್ನುತ್ತಿದ್ದ.

ಬಸಲಿಂಗವ್ವನಿಗೆ ಕೈ ನಡುಗತೊಡಗಿತು. ನಿಂತಲ್ಲೇ ಬೆವರು ಬರುತ್ತಿತ್ತು. ಕಣ್ಣ ಮುಂದಿನ ಹಂಡೆ ಎರಡಾಗಿ ಕಾಣುತ್ತಿತ್ತು. "ಸಕ್ರಿ ಏರಿದ್ದಕ್ಕ ಹಿಂಗಾಗತೈತಿ" ಎಂದು ಧರ್ಮಣ್ಣ ಸಂಜೆಯ ಉಪ್ಪಿಟ್ಟನ್ನೂ ನಿಲ್ಲಿಸಿದ.

ಒಂದು ಮಂಗಳವಾರ ಸಂಜೆ ಗುಳಿಗೆ ಹೊಟ್ಟೆಯಲ್ಲಿತ್ತು, ಬೇರೇನೂ ಇರಲಿಲ್ಲ. ಗ್ಯಾಲರಿಯಲ್ಲಿ ಗನಿಸಾಬ ಯಾರದೋ ಗಾದಿ ಬಿಚ್ಚಿ ಹತ್ತಿ ಹಿಂಜುತ್ತಿದ್ದ. ಬಸಲಿಂಗವ್ವ ಮೆಲ್ಲಗೆ ಹೊರಗೆ ಬಂದವಳು, ಹಿಂಜಿದ ಹತ್ತಿಯ ರಾಶಿಯ ನಟ್ಟನಡುವೆ ಹೋಗಿ ಕೂತುಬಿಟ್ಟಳು. ಮೈಯೆಲ್ಲ ಬೆವರು. ಸೆಕೆ ತಾಳಲಾರದೆ ತುರುಬು ಬಿಚ್ಚಿಕೊಂಡಳು. ಒದ್ದೆ ಮುಖಕ್ಕೆ, ಕೂದಲಿಗೆ, ತೋಳಿಗೆ ಹತ್ತಿ ಅಂಟಿಕೊಂಡಿತು. ಕಣ್ಣು ನೆಟ್ಟಿದ್ದವು, ತಲೆ ತೂಗುತ್ತಿತ್ತು.

"ಅಕ್ಕಾ, ಏಳ, ಅದು ಗಿರಾಕಿ ಹತ್ತಿ" ಎಂದ ಗನಿಸಾಬ.

ಅವಳು ಅವನತ್ತ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ಕಾಶಪ್ಪನ ಕಡೆ ಬೆರಳು ಮಾಡಿ, ಯಾರೂ ಕೇಳಿರದ ದೊಡ್ಡ ದನಿಯಲ್ಲಿ, "ಏ, ಏಳು. ಊರಿಗೆ ನಡಿ. ಇವತ್ತ ನಡಿ" ಎಂದಳು.

ರಾಚವ್ವನ ಕೈಯಲ್ಲಿದ್ದ ಮೊರ ಕೆಳಗೆ ಬಿತ್ತು. ವರ್ಷದಿಂದ ತಾನು ಮನಸ್ಸಿನಲ್ಲಿ ದಿನಕ್ಕೆ ಹತ್ತು ಸಲ ಹೇಳಿಕೊಂಡ ಮಾತು ಅದು. ಒಬ್ಬರ ಮುಂದೂ ಬಾಯಿಬಿಟ್ಟಿರಲಿಲ್ಲ. ಮಂಗಳವಾರ, ಬಿಚ್ಚಿದ ಕೂದಲು, ತೂಗುವ ತಲೆ. ಅವಳು ಮೊಣಕಾಲೂರಿ ಕೈಮುಗಿದಳು. "ತಾಯಿ ಬಂದಾಳ" ಎಂದಳು.

ಕೆಲವೇ ಹೊತ್ತಿನಲ್ಲಿ ಗ್ಯಾಲರಿ ತುಂಬಿತು. ಆರತಿ ಬಂತು, ಅರಿಶಿನ ಕುಂಕುಮ ಬಂತು. ಬಂದವಳು ಎಲ್ಲಮ್ಮ ಎಂದು ಬಿಜಾಪುರದವರು ಹೇಳಿದರು, ತುಳಜಾಭವಾನಿ ಎಂದು ಮರಾಠಿಯವರು ಹೇಳಿದರು. ಅದರ ಬಗ್ಗೆ ಸಣ್ಣ ವಾದವೂ ನಡೆಯಿತು. ದೇವಿಯನ್ನೇ ಕೇಳೋಣ ಎಂದು ಒಬ್ಬರು ಕೇಳಿದರು. "ನೀ ಯಾರವ್ವಾ?" ದೇವಿ, "ನಾ ಬಸಲಿಂಗಿ, ನನ್ನ ಲಗ್ನಕ್ಕ ಯಾಕ ಇಷ್ಟು ತಡಾ ಮಾಡಾಕತ್ತೀರಿ?" ಎಂದಳು. ಇದರ ಅರ್ಥ ಬಿಡಿಸಲು ಹಿರಿಯರು ಬೇಕು ಎಂದು ಕೆಳಗಿನ ಮಾಳಿಗೆಗೆ ಹೇಳಿಕಳಿಸಿದರು. ನಡುವೆ ಕಾಶಪ್ಪ ಸ್ಟೂಲು ಬಿಟ್ಟು ಎದ್ದವನು ಬಿಳಿಚಿಕೊಂಡ ಮುಖದಲ್ಲಿ ಒಳಗೆ ಹೋಗಿ, ಹಾಸಿಗೆ ಸುತ್ತಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದು ಹೋದ.

ಧರ್ಮಣ್ಣ ಮಿಲ್ಲಿನಿಂದ ಬಂದಾಗ ಕಂಡದ್ದು ಇದು: ಹತ್ತಿಯ ಗುಡ್ಡೆಯ ಮೇಲೆ ಹಣೆತುಂಬ ಕುಂಕುಮದ ಅವ್ವ, ಸುತ್ತಲೂ ಕೈಮುಗಿದ ಜನ, ಅವ್ವನ ಬಾಯಿಯ ಹತ್ತಿರ ರಾಚವ್ವನ ಕೈ, ಆ ಕೈಯಲ್ಲಿ ಹಿಡಿ ಸಕ್ಕರೆ. ಅಡಗಿಸಲು ಕೊಟ್ಟಿದ್ದ ಅವನ ಮನೆಯದೇ ಸಕ್ಕರೆ.

"ಏ ತಗಿ, ತಗಿ. ಅವ್ವಗ ಸಕ್ರಿ ಬ್ಯಾನಿ ಐತಿ" ಎಂದು ಅವನು ಜನರ ನಡುವೆ ನುಗ್ಗಿದ.

"ಇದು ನಿಮ್ಮವ್ವಗಲ್ಲೋ ಧರ್ಮಾ. ತಾಯಿಗಿ" ಎಂದಳು ರಾಚವ್ವ.

"ಬಾಯಿ ನಮ್ಮವ್ವಂದಲ್ಲೇನು?"

"ಈಗಲ್ಲ."

ಅವನು ಆ ಸಕ್ಕರೆಗೆ ಕೈಹಾಕುವುದರೊಳಗೆ ಗನಿಸಾಬ ಹಿಂದಿನಿಂದ ಬಂದು ಎರಡೂ ತೋಳು ಹಿಡಿದ. ದಿನವಿಡೀ ಬಿಲ್ಲು ಮೀಟಿ ಮೀಟಿ ಆ ಕೈಗಳು ಬಿಗಿದುಕೊಂಡಿದ್ದವು. "ಬ್ಯಾಡಪಾ ಧರ್ಮಾ. ದೇವರ ಕೆಲಸದಾಗ ಅಡ್ಡ ಬರಬಾರದು. ಯಾರ ದೇವರಾದ್ರೂ ಅಷ್ಟ" ಎಂದು ಕಿವಿಯಲ್ಲಿ ಹೇಳಿದ. ಧರ್ಮಣ್ಣ ಕಾಲು ನೆಲಕ್ಕೆ ತಾಗದೆ ನೇತಾಡುತ್ತ, ಅವ್ವ ಒಂದು ಹಿಡಿ ಸಕ್ಕರೆ ತಿನ್ನುವುದನ್ನು ನೋಡಿದ. ಮೇಲೆ ಪೇಡಾ ತಿನ್ನುವುದನ್ನು ನೋಡಿದ. ಬೆಲ್ಲದ ಪಾನಕ ಕುಡಿಯುವುದನ್ನು ನೋಡಿದ. ಅವ್ವ ಇನ್ನು ಉಳಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿ ಅಳಲು ಶುರುಮಾಡಿದ.

ಸ್ವಲ್ಪ ಹೊತ್ತಿನಲ್ಲಿ ಬಸಲಿಂಗವ್ವನ ತೂಗುವ ತಲೆ ನಿಂತಿತು. ಬೆವರು ಆರಿತು. ಅವಳು ಸುತ್ತ ನೋಡಿದಳು, ತನ್ನ ಸೀರೆ ನೋಡಿಕೊಂಡಳು.

"ಇಷ್ಟ್ಯಾಕ ಕುಂಕುಮ ಚೆಲ್ಲೀರಿ? ಒಗಿಯೋರ ಯಾರು?" ಎಂದಳು. ಆಮೇಲೆ ಮಗನನ್ನು ಕಂಡು, "ಗನಿಸಾಬಣ್ಣ, ಅಂವನ್ನ ಯಾಕ ಎತ್ತಿಕೊಂಡೀಯೋ?" ಎಂದು ಕೇಳಿದಳು.

ದೇವಿ ಹೋದಳು ಎಂದು ಜನ ಉದ್ದಂಡ ಬಿದ್ದರು.

ಮರುದಿನ ಬೆಳಿಗ್ಗೆ ಧರ್ಮಣ್ಣ ಮಿಲ್ಲಿಗೆ ರಜೆ ಹಾಕಿ ತಾಯಿಯನ್ನು ಡಾಕ್ಟರರ ಬಳಿ ಕರೆದುಕೊಂಡು ಹೋದ. ಡಾಕ್ಟರು ಇವತ್ತು ಪರೀಕ್ಷೆ ಇಲ್ಲೇ ಮಾಡುತ್ತೇನೆ ಎಂದು ಕಾಂಪೌಂಡರನ ಹೆಂಡತಿಯನ್ನು ಜೊತೆಗೆ ಕೊಟ್ಟು ಅವಳನ್ನು ಒಳಗೆ ಕಳಿಸಿದರು. ಆಚೀಚೆ ಗೋಡೆಗಳು ಮಾಡಿನ ತನಕ ಇದ್ದವು. ಬಸಲಿಂಗವ್ವನಿಗೆ ಬೇರೆ ದಾರಿ ಉಳಿಯಲಿಲ್ಲ. ಡಾಕ್ಟರು ಕುದಿಸಿದರು. ಕೊಳವೆ ಒಡೆಯಲಿಲ್ಲ. ಅವಳು ಕಣ್ಣು ಬಿಟ್ಟು ನೋಡಿದಾಗ ಅದು ನೀಲಿಯಾಗಿತ್ತು, ಬಿಸಿಲು ಬಿದ್ದ ಆಕಾಶದಷ್ಟು ನೀಲಿ.

ಡಾಕ್ಟರು ನಿನ್ನೆಯ ಕತೆಯನ್ನೆಲ್ಲ ಕೇಳಿ ಕುರ್ಚಿಗೊರಗಿದರು. ಸಕ್ಕರೆ ಏರಿರಲಿಲ್ಲ, ಇಳಿದಿತ್ತು. ಗುಳಿಗೆ ಹೆಚ್ಚಾಗಿ, ಊಟ ಕಡಿಮೆಯಾದರೆ ಹೀಗೇ ಆಗುತ್ತದೆ. ಬೆವರು, ನಡುಕ, ಸಂಬಂಧವಿಲ್ಲದ ಮಾತು. ಆ ಹೊತ್ತಿನಲ್ಲಿ ಸಕ್ಕರೆ ಕೊಡದಿದ್ದರೆ ಪ್ರಾಣಕ್ಕೇ ಅಪಾಯವಿತ್ತು. ಬಾಯಿಗೆ ಸಕ್ಕರೆ ಹಾಕಿದ ಆ ಹೆಂಗಸು ಯಾರೋ ಅವಳೇ ಉಳಿಸಿದ್ದು ಎಂದರು. ಆದರೆ ಪ್ರತಿ ರವಿವಾರ ಇಟ್ಟಿಗೆ ಬಣ್ಣ ಹೇಗೆ ಬಂತು ಎಂದು ಕೇಳಿದರು.

ಬಸಲಿಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ಎಲ್ಲವನ್ನೂ ಹೇಳಿದಳು. ಹೇಳಿದ್ದು ಕನ್ನಡದಲ್ಲಿ. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಧರ್ಮಣ್ಣನೇ ಅದನ್ನು ಮರಾಠಿಗೆ ತಿರುಗಿಸಬೇಕಾಯಿತು. ಗೋಡೆಯ ಮೇಲಿಂದ ಬಾಟಲಿ ಬಂದದ್ದನ್ನು ಹೇಳುವಾಗ ಅವನ ದನಿ ಸಣ್ಣದಾಯಿತು. ಅಷ್ಟೂ ದಿನ ತಾನು ನೀಲಿ ಎಂದು ಹೆಮ್ಮೆಪಟ್ಟದ್ದು ಅಕ್ಬರಬಿಯದು ಎಂದು ಹೇಳುವಾಗ ಮೂಗಿನ ಮೇಲೆ ಬೆರಳಿಟ್ಟು ಅಲ್ಲೇ ಮರೆತ. ಗನಿಸಾಬನ ಹೆಸರು ಬಂದಾಗ ಡಾಕ್ಟರು ಮುಂದೆ ಬಾಗಿದರು.

"ನಿನ್ನ ತಾಯಿಗೆ ಒಂದೇ ಗುಳಿಗೆ ಸಾಕು, ಹೊತ್ತಿಗೆ ಸರಿಯಾಗಿ ಹೊಟ್ಟೆತುಂಬ ಊಟ ಕೊಡು" ಎಂದರು ಮರಾಠಿಯಲ್ಲಿ. "ಆ ಗೃಹಸ್ಥನನ್ನು ಮೊದಲು ಕರೆದುಕೊಂಡು ಬಾ."

ಕರೆದುಕೊಂಡು ಬರುವುದು ಸುಲಭವಾಗಲಿಲ್ಲ. ಸಂಜೆ ಧರ್ಮಣ್ಣ ಹಿಂಜರಿಯುತ್ತ ವಿಷಯ ಹೇಳಿದಾಗ ಗನಿಸಾಬ ನಕ್ಕ. ನಂಬಲಿಲ್ಲ. ನಂಬುವ ಹಾಗಾದಾಗ ಸಿಟ್ಟಿಗೆದ್ದ.

"ನಾ ಅದನ್ನ ಅಕ್ಕಗ ಕೊಟ್ಟೀನಿ. ಕೊಟ್ಟ ಮ್ಯಾಲೆ ನಂದಲ್ಲ, ಅಕೀದು" ಎಂದ. "ಅದು ಕೆಂಪಾದ್ರ ಅಕೀಗೇ ಬ್ಯಾನಿ."

"ಹಂಗಲ್ಲ ಮಾಮಾ, ಅದು ನಿಮ್ಮ ಮೈಯಾಗಿಂದ ಬಂದದ್ದಲ್ಲ?"

"ಬಂದದ್ದು ನನ್ನ ಮೈಯಿಂದ, ಹೋದದ್ದು ಅಕೀ ಹೆಸರಲೆ."

ಧರ್ಮಣ್ಣ ಹೋಗಿ ನೀಲಾಬಾಯಿಯನ್ನೂ ತಾಯಿಯನ್ನೂ ಕರೆತಂದ. ನೀಲಾಬಾಯಿ ಹೇಳಿ ನೋಡಿದಳು. ಬಸಲಿಂಗವ್ವ ಕೈಮುಗಿದು ಕೇಳಿಕೊಂಡಳು. ಮರುದಿನ ಬೆಳಗಾದದ್ದೇ ಗನಿಸಾಬ ಬಿಲ್ಲೆತ್ತಿಕೊಂಡು ಕೆಲಸಕ್ಕೆ ಹೊರಟುಹೋದ. ಹೋಗುವಾಗ ಎರಡು ಚೊಂಬು ನೀರು ಕುಡಿದು ಹೋದ.

ಅಕ್ಬರಬಿ ಸೊಲ್ಲಾಪುರದಿಂದ ಬಂದ ದಿನ ಬಸಲಿಂಗವ್ವ ಅವಳಿಗೆ ಸಾಮಾನು ಇಳಿಸಲೂ ಬಿಡದೆ ನಡೆದದ್ದನ್ನೆಲ್ಲ ಹೇಳಿದಳು. ಅಕ್ಬರಬಿ ನೆಲಕ್ಕೆ ಕೂತಳು. ರಾತ್ರಿ ಹೊತ್ತು ಗಂಡ ಎಷ್ಟು ಸಲ ಏಳುತ್ತಾನೆ, ಕಾಲ ಹೆಬ್ಬೆರಳು ಮರಗಟ್ಟಿದೆ ಎಂದು ಏಕೆ ತಿಕ್ಕಿಕೊಳ್ಳುತ್ತಾನೆ, ಎಲ್ಲ ಒಂದೊಂದೇ ಅವಳಿಗೆ ಹೊಳೆಯುತ್ತಿತ್ತು. ಗನಿಸಾಬ ಮನೆಗೆ ಬಂದಾಗ ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ.

"ನಾ ಇದ್ದಾಗ ಎಲ್ಲಾ ಸರಿ ಇತ್ತು" ಎಂದಳು. "ಪ್ರತಿ ಸಲ ನೀಲಿ. ಒಮ್ಮೆ ನಿಮಗ ಒಂದು ಕೆಲಸ ಹೇಳಿ ಹೋದೆ. ಒಂದು ಬಾಟ್ಲಿ ನೆಟ್ಟಗ ತುಂಬಾಕ ಆಗಲಿಲ್ಲ ನಿಮಗ."

ಗನಿಸಾಬನಿಗೆ ಇದು ತಾಗಿತು. ತನ್ನದೂ ನೀಲಿಯೇ, ತಪ್ಪು ಧರ್ಮಣ್ಣನ ದೀಪದ್ದು ಎಂದು ಸಾಧಿಸಿ ತೋರಿಸಲು ಮರುದಿನ ತಾನೇ ಡಾಕ್ಟರರ ಬಳಿ ನಡೆದ. ಹಿಂದೆ ಅಕ್ಬರಬಿ, ಅವಳ ಹಿಂದೆ ಬಸಲಿಂಗವ್ವ, ಕೊನೆಯಲ್ಲಿ ಧರ್ಮಣ್ಣ. ಡಾಕ್ಟರರ ದೀಪದ ಮೇಲೂ ಅದು ಇಟ್ಟಿಗೆಯಾಯಿತು.

ಗನಿಸಾಬ ಬಹಳ ಹೊತ್ತು ಕೊಳವೆಯನ್ನೇ ನೋಡಿದ. ಆ ದೊಡ್ಡ ಮೈ ಸ್ಟೂಲಿನ ಮೇಲೆ ಒಮ್ಮೆಲೇ ಕುಗ್ಗಿದಂತೆ ಕಂಡಿತು. ಡಾಕ್ಟರು ಗುಳಿಗೆ ಬರೆಯುತ್ತಿದ್ದಾಗ ಅವನು ಬಸಲಿಂಗವ್ವನ ಕಡೆ ತಿರುಗಿ, ಪೂರಾ ನಂಬಿಕೆಯಿಂದಲೇ ಕೇಳಿದ:

"ಅಕ್ಕಾ, ನನ್ನ ಪಾಲಿನ ಗುಳಿಗಿ ನೀ ಅಷ್ಟು ದಿನ ತಿಂದೀಯಲ್ಲ. ನನ್ನ ಲೆಕ್ಕದಾಗ ಅದನ್ನ ಏನೂ ಮುರಕೊಳ್ಳೂದಿಲ್ಲೇನು?"

ಧರ್ಮಣ್ಣ ಇದನ್ನೂ ಮರಾಠಿಗೆ ತಿರುಗಿಸಿದ. ಡಾಕ್ಟರು ಇಲ್ಲ ಎಂದರು.

ಅಂದಿನಿಂದ ಗ್ಯಾಲರಿಯಲ್ಲಿ ದೀಪ ಹಚ್ಚುವುದು ನಿಂತಿತು. ನೀಲಾಬಾಯಿ ತಾನೇ ಖೋಲಿಯ ಮೂಲೆಗೆ ಒಂದು ಹಳೇ ಸೀರೆಯ ಪರದೆ ಕಟ್ಟಿಕೊಟ್ಟಳು. ಬಾಟಲಿಗಳು ಎರಡಾದವು. ಗಿಡ್ಡದ್ದು ಬಸಲಿಂಗವ್ವನದು, ಉದ್ದದ್ದು ಗನಿಸಾಬನದು. ಬಸಲಿಂಗವ್ವ ತನ್ನದನ್ನು ತಾನೇ ಕುದಿಸಲು ಕಲಿತಳು. ಗನಿಸಾಬನ ಪಾದ ನೋಡುವ ಕೆಲಸವನ್ನು ಅಕ್ಬರಬಿಗೆ ಅವಳೇ ಹೇಳಿಕೊಟ್ಟಳು: ಬೆರಳ ಸಂದಿ ಮೊದಲು, ಆಮೇಲೆ ಹಿಮ್ಮಡಿ, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ಕಣ್ಣು ಮುಚ್ಚಿಸಿ ಕೇಳಬೇಕು. ಗನಿಸಾಬನ ಹೆಬ್ಬೆರಳಲ್ಲಿ ಗಾದಿ ಹೊಲಿಯುವ ದಬ್ಬಣದ ಮುರಿದ ತುದಿ ಸಿಕ್ಕಿತು. ಯಾವಾಗ ಚುಚ್ಚಿತ್ತೋ ಅವನಿಗೆ ತಿಳಿದೇ ಇರಲಿಲ್ಲ. ಅದನ್ನು ತೆಗೆದಾಗ ಅಕ್ಬರಬಿ ಅತ್ತಳು. ಗನಿಸಾಬ ಇರಾನಿ ಹೋಟೆಲಿಗೆ ಹೋಗುವುದನ್ನು ಅವತ್ತಿನಿಂದ ಬಿಟ್ಟ. ಹಾಗಲಕಾಯಿಯ ರಸ ಕುಡಿಯುವಾಗ ಮಾತ್ರ ಇಡೀ ಮಾಳಿಗೆಗೆ ಕೇಳುವಂತೆ ಅಲ್ಲಾಹುವನ್ನು ಕರೆಯುತ್ತಿದ್ದ.

ಧರ್ಮಣ್ಣನ ಜಂಭ ಇಳಿದಿತ್ತು. ಸಲಹೆ ಕೇಳಲು ಬಂದವರಿಗೆ, "ಮೊದಲ ಯಾರ ಬಾಟ್ಲಿ ಅಂತ ಖಾತ್ರಿ ಮಾಡಕೋರಿ" ಎಂದಷ್ಟೇ ಹೇಳುತ್ತಿದ್ದ.

ರಾಚವ್ವ ಮಾತ್ರ ಡಾಕ್ಟರರ ಮಾತನ್ನು ಒಪ್ಪಲಿಲ್ಲ. ಸಕ್ಕರೆ ಇಳಿದರೆ ಬೆವರು ಬರಬಹುದು, ಕಾಶಪ್ಪ ಊರಿಗೆ ಹೋಗಬೇಕು ಎಂದು ಸಕ್ಕರೆಗೆ ಹೇಗೆ ಗೊತ್ತು ಎಂದು ಕೇಳಿದಳು.

ದೀಪಾವಳಿ ಕಳೆದ ಮೇಲೆ ಕಾಶಪ್ಪ ಹಾಸಿಗೆ ಸುರುಳಿಯ ಜೊತೆ ವಾಪಸ್ಸು ಬಂದ. ಹೋಗು ಎಂದಿದ್ದಳು ತಾಯಿ, ಹೋಗಿ ಬಂದೆ, ಬರಬೇಡ ಎಂದಿರಲಿಲ್ಲವಲ್ಲ ಎಂದ. ರಾಚವ್ವ ಮರುದಿನ ಬಸಲಿಂಗವ್ವನನ್ನು ಊಟಕ್ಕೆ ಕರೆದಳು. ಆ ದಿನವೂ ಮಂಗಳವಾರ.

ಬಸಲಿಂಗವ್ವ ಗುಳಿಗೆ ನುಂಗಿಯೇ ಹೋಗಿ ಗೋಡೆಗೊರಗಿ ಕೂತಳು. ರಾಚವ್ವ ಸ್ಟೋವ್ ಹಚ್ಚಿದಳು, ಆರಿಸಿದಳು. ಬೇಳೆ ಬೆಂದಿಲ್ಲ ಎಂದಳು. ಬೆಂದ ಮೇಲೆ ಉಪ್ಪು ಮುಗಿದಿದೆ ಎಂದಳು. ಉಪ್ಪು ತಂದ ಮೇಲೆ ಒಲೆಯ ಮುಂದೆ ಕೂತು, ರೊಟ್ಟಿ ಬಡಿಯದೆ, ಹಿಟ್ಟು ನಾದುತ್ತ ನಾದುತ್ತ ಬಸಲಿಂಗವ್ವನ ಮುಖವನ್ನೇ ಆಸೆಯಿಂದ ನೋಡತೊಡಗಿದಳು. ತಟ್ಟೆಯ ಕೆಳಗೆ ಕುಂಕುಮದ ಭರಣಿ ಅಡಗಿಸಿಟ್ಟದ್ದು ಬಸಲಿಂಗವ್ವನ ಕಣ್ಣಿಗೆ ಬಿತ್ತು. ಬೆರಳುಗಳಲ್ಲಿ ಸಣ್ಣ ನಡುಕ ಶುರುವಾಗಿತ್ತು.

"ರಾಚವ್ವಾ, ತಾಯೀನ ಏನ ಕೇಳಬೇಕಿತ್ತು?" ಎಂದಳು.

ರಾಚವ್ವ ತಲೆ ತಗ್ಗಿಸಿದಳು. "ನಿನಗ ಗೊತ್ತಲ್ಲ" ಎಂದಳು.

ಕಾಶಪ್ಪ ಖೋಲಿಯ ಆ ಕಡೆ ಹಾಸಿಗೆಯ ಮೇಲೆ ಕೂತು ಊಟಕ್ಕಾಗಿ ಕಾಯುತ್ತಿದ್ದ. ಬಸಲಿಂಗವ್ವ ಬುಟ್ಟಿಯಲ್ಲಿದ್ದ ನಿನ್ನೆಯ ಅರ್ಧ ರೊಟ್ಟಿಯನ್ನು ತಾನೇ ಎತ್ತಿಕೊಂಡು, ಅದರ ಮೇಲೆ ಬೆಲ್ಲ ಇಟ್ಟುಕೊಂಡು ನಿಧಾನವಾಗಿ ಅಗಿದು ನುಂಗಿದಳು. ನಡುಕ ನಿಲ್ಲುವ ತನಕ ಕಾದಳು. ಆಮೇಲೆ ಅವನ ಕಡೆ ತಿರುಗಿದಳು. ಕೂದಲು ತುರುಬಿನಲ್ಲೇ ಇತ್ತು, ದನಿ ದಿನದ ದನಿಯೇ.

"ಕಾಶಪ್ಪಾ, ಈಗ ತಾಯಿ ಅಲ್ಲ, ನಾನ ಹೇಳಾಕತ್ತೀನಿ. ನಿಮ್ಮ ವೈನಿಗೆ ಇಲ್ಲಿ ಕಾಲ ಚಾಚಾಕ ಜಾಗಾ ಇಲ್ಲ. ನಿನಗ ಊರಾಗ ಮನಿ ಐತಿ, ಕಣ್ಣೂ ಕಾಣತಾವ. ಸುಮ್ಮನ ಊರಿಗೆ ಹೋಗಪಾ."

ಕಾಶಪ್ಪ ಅತ್ತಿಗೆಯ ಕಡೆ ನೋಡಿದ. ರಾಚವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಜೀವಮಾನದಲ್ಲಿ ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು, ಹೌದು ಎಂದು ತಲೆಯಾಡಿಸಿದಳು.

"ಊಟಾ ಮಾಡಿ ಹೋಗಲ್ಯಾ?" ಎಂದು ಕೇಳಿದ ಕಾಶಪ್ಪ.

"ಮಾಡು" ಎಂದಳು ರಾಚವ್ವ. ಬೇಗ ಬೇಗ ರೊಟ್ಟಿ ಬಡಿಯತೊಡಗಿದಳು.